ಅಣ್ಣ ಮೋಹಿನಿ, ತಂಗಿ ಭಸ್ಮಾಸುರ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮಗನಿಗೆ 13 ವರ್ಷ, ಮಗಳಿಗೆ 11. ಇಬ್ಬರೂ ಎರಡು ವರ್ಷದಿಂದ ಯಕ್ಷಗಾನ ಕಲಿಯುತ್ತಿದ್ದಾರೆ. ಈ ಸಲದ ಆಟಕ್ಕೆ ಗುರುಗಳು ಭಸ್ಮಾಸುರ ಮೋಹಿನಿ ಪ್ರಸಂಗ ಇಟ್ಟುಕೊಂಡಿದ್ದಾರೆ. ಮಗನಿಗೆ ಮೋಹಿನಿ, ಮಗಳಿಗೆ ಭಸ್ಮಾಸುರ! ಮನೆಯಲ್ಲಿ ದೊಡ್ಡ ಗಲಾಟೆ. 'ಮಾಣಿಗೆ ಎಂತಕ್ಕೆ ಸೀರೆ, ಕೂಸಿಗೆ ಎಂತಕ್ಕೆ ಮೀಸೆ?' ಎನ್ನುತ್ತಾರೆ ಅತ್ತೆ. ಶಾಲೆಯಲ್ಲಿ ಹುಡುಗರು ಆಗಲೇ ಮಗನನ್ನು 'ಮೋಹಿನಕ್ಕ' ಎಂದು ಕರೆಯಲು ಶುರು ಮಾಡಿದ್ದಾರೆ. ಸ್ತ್ರೀವೇಷ ಮಾಡಿದರೆ ಹುಡುಗರ ಸ್ವಭಾವ ಬದಲಾಗುತ್ತದೆಯೇ ಎಂದು ನಮ್ಮ ಮನೆಯವರಿಗೆ ಭಯ. ಯಕ್ಷಗಾನ ಗಂಡುಕಲೆ, ಹೆಣ್ಣುಮಕ್ಕಳು ಕುಣಿಯಬಾರದು ಎಂದು ಶಾಸ್ತ್ರದಲ್ಲಿ ಇದೆಯೇ? ಬೇರೆ ಕಡೆಯೆಲ್ಲ ಹೇಗೆ?

ಉತ್ತರ: ನಿಮ್ಮ ಗುರುಗಳು ಜಾಣರು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಥೆ ನೆನಪಿದೆಯಲ್ಲ? ಯಾರ ತಲೆ ಮೇಲೆ ಕೈ ಇಟ್ಟರೂ ಅವರು ಬೂದಿಯಾಗಲಿ ಎಂಬ ವರ ಭಸ್ಮಾಸುರನಿಗೆ ಸಿಕ್ಕಿದೆ. ಕೊಟ್ಟ ಶಿವನನ್ನೇ ಅಟ್ಟಿಸಿಕೊಂಡು ಹೊರಟಿದ್ದಾನೆ. ಆಗ ವಿಷ್ಣು ಮೋಹಿನಿಯಾಗಿ ಎದುರಿಗೆ ಬರುತ್ತಾನೆ. ನಾನು ಕುಣಿದ ಹಾಗೇ ಕುಣಿ, ಆಮೇಲೆ ಮದುವೆ ಮಾತು ಎನ್ನುತ್ತಾಳೆ. ಅವಳು ಸೊಂಟದ ಮೇಲೆ ಕೈ ಇಟ್ಟರೆ ಇವನೂ ಇಡುತ್ತಾನೆ. ಅವಳು ತಿರುಗಿದರೆ ಇವನೂ ತಿರುಗುತ್ತಾನೆ. ಕೊನೆಗೆ ಅವಳು ತಲೆ ಮೇಲೆ ಕೈ ಇಡುತ್ತಾಳೆ. ಇವನೂ ಇಟ್ಟುಕೊಳ್ಳುತ್ತಾನೆ. ಅಲ್ಲಿಗೆ ಮುಗಿಯಿತು.

ಈಗ ನಿಮ್ಮ ಮಕ್ಕಳನ್ನು ನೋಡಿ. ಮಗ ಮಾಡುವುದು ವಿಷ್ಣುವನ್ನು. ಕಥೆಯ ಒಳಗೇ ಅವನು ಹೆಣ್ಣಿನ ವೇಷ ಹಾಕಿದ ಗಂಡು. ಮಗಳು ಮಾಡುವುದು ಮೀಸೆ ಹೊತ್ತ ರಾಕ್ಷಸನನ್ನು. ಆ ರಾಕ್ಷಸ ಹೆಣ್ಣಿನ ಒಯ್ಯಾರ ಕಲಿಯಲು ಒದ್ದಾಡಿ ಸಾಯುತ್ತಾನೆ. ಅಂದರೆ ನಿಮ್ಮ ಹುಡುಗಿ ಮೊದಲು ಗಂಡಿನ ಗತ್ತು ಕಲಿಯಬೇಕು, ಆಮೇಲೆ ಆ ಗತ್ತು ಒಯ್ಯಾರದ ಕೈಯಲ್ಲಿ ಸಿಕ್ಕಿ ಹೇಗೆ ಪೆಚ್ಚಾಗುತ್ತದೆ ಎಂದು ತೋರಿಸಬೇಕು. ಮಕ್ಕಳಿಗೆ ಪಾತ್ರ ಹಂಚುವಾಗ ನನಗೆ ಇಷ್ಟು ದಿನ ಇದು ಹೊಳೆದಿರಲಿಲ್ಲ. ಮುಂದಿನ ವರ್ಷ ಕದಿಯುತ್ತೇನೆ.

ನಿಮ್ಮ ಮನೆಯವರ ಭಯಕ್ಕೆ ಬರೋಣ. ನಾನೇ ಹನ್ನೆರಡು ವರ್ಷ ಸ್ತ್ರೀವೇಷ ಮಾಡಿದವನು, ಈಗ ಕಲಿಸುತ್ತೇನೆ. ರಾತ್ರಿಯಿಡೀ ದ್ರೌಪದಿಯಾಗಿ ಅತ್ತವರು ಬೆಳಗಿನ ಜಾವ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ, ಏನು ಮಾಡುತ್ತಾರೆ ಗೊತ್ತಾ? ಮುಖಕ್ಕೆ ತೆಂಗಿನೆಣ್ಣೆ ಬಳಿದು ಬಣ್ಣ ಒರೆಸಿಕೊಳ್ಳುತ್ತಾರೆ. ಲುಂಗಿ ಸುತ್ತಿಕೊಂಡು ಚಾ ಕುಡಿಯುತ್ತಾರೆ. ಮೊದಲ ಬಸ್ಸಿಗೆ ಊರಿಗೆ ಹೋಗಿ ಅಡಿಕೆ ಕೊನೆ ಹೊರಲು ನಿಲ್ಲುತ್ತಾರೆ. ಕಣ್ಣಿನ ಅಂಚಿನ ಕಾಡಿಗೆ ಮಾತ್ರ ಎರಡು ದಿನ ಹೋಗುವುದಿಲ್ಲ. ಅಷ್ಟೇ ಬದಲಾವಣೆ.

ಆದರೆ ಹೆಣ್ಣಿನ ನಡಿಗೆ ಎಲ್ಲಿಂದ ಬರುತ್ತದೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನಿಮ್ಮ ಪ್ರಶ್ನೆಯ ಗಂಟು ಇಲ್ಲಿಯೇ ಇದೆ.

ನನಗೆ ಹದಿನೈದು ವರ್ಷ. ಮೊದಲ ಸಲ ಸ್ತ್ರೀವೇಷ ಸಿಕ್ಕಿತ್ತು. ಗುರುಗಳು 'ಹೆಣ್ಣಿನ ನಡೆ ಬರಬೇಕು, ಮನೆಯಲ್ಲಿ ನೋಡಿ ಕಲಿ' ಎಂದರು. ನಾನು ಒಂದು ವಾರ ಅಮ್ಮನ ಹಿಂದೆ ಬಿದ್ದೆ. ಅಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕತ್ತಿ ಹಿಡಿದು ಸೊಪ್ಪಿನ ಬೆಟ್ಟಕ್ಕೆ ಹೋಗುವವಳು. ಬರುವಾಗ ತಲೆ ಮೇಲೆ ಸೊಪ್ಪಿನ ಹೊರೆ. ಇಳಿಜಾರಿನಲ್ಲಿ ದಾಪುಗಾಲು. ಕುತ್ತಿಗೆ ಕಂಬದ ಹಾಗೆ ನೆಟ್ಟಗೆ. ಕೈ ಎರಡೂ ಬೀಸು. ಚೆನ್ನಾಗಿ ಕಲಿತು ಹೋಗಿ ಗುರುಗಳ ಎದುರು ನಡೆದು ತೋರಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. 'ಇದು ಹೆಣ್ಣಲ್ಲವೋ ಮಾರಾಯ, ನಿನ್ನ ಅಮ್ಮ!'

ಆಮೇಲೆ ಅವರೇ ಹೇಳಿಕೊಟ್ಟರು. ಹೆಜ್ಜೆ ಚಿಕ್ಕದು. ಮೊಣಕಾಲು ಹತ್ತಿರ ಹತ್ತಿರ. ಒಂದು ಭುಜ ಚೂರು ಇಳಿಸು. ನೇರ ನೋಡಬೇಡ, ಕಣ್ಣು ಓರೆ ಮಾಡು. ಆ ನಡೆ ನಮ್ಮೂರಿನ ಯಾವ ಹೆಂಗಸಿನದೂ ಅಲ್ಲ. ತಲೆಮಾರುಗಳಿಂದ ಗಂಡಸರು ಚೌಕಿಯಲ್ಲಿ ಕೂತು, ಒಬ್ಬರನ್ನು ನೋಡಿ ಇನ್ನೊಬ್ಬರು ಕಟ್ಟಿದ ನಡೆ. ಚಂಡೆ ಕಲಿತ ಹಾಗೆ, ತಾಳ ಕಲಿತ ಹಾಗೆ ಅದನ್ನು ಕಲಿಯಬೇಕು. ಆಟ ಮುಗಿದ ಮೇಲೆ ಬಿಚ್ಚಿಡಬೇಕು. ನಿಮ್ಮ ಮಗ ಕಲಿಯುತ್ತಿರುವುದು ಇದನ್ನು.

ಗಮ್ಮತ್ತು ಏನೆಂದರೆ, ರಂಗದ ಮೇಲೆ ಗಂಡಸರು ಕಟ್ಟಿದ ಈ ಹೆಣ್ಣು ಅಲ್ಲಿಗೇ ನಿಲ್ಲುವುದಿಲ್ಲ. ಮನೆಗೂ ಬರುತ್ತಾಳೆ. ಸೊಪ್ಪು ಹೊತ್ತು ಬಂದ ಅಮ್ಮನೇ ನನ್ನ ತಂಗಿಗೆ 'ಹೆಣ್ಣುಮಕ್ಕಳ ಹಾಗೆ ಮೆಲ್ಲ ನಡಿ' ಎನ್ನುತ್ತಿದ್ದಳು. ಯಾವ ಹೆಣ್ಣುಮಕ್ಕಳ ಹಾಗೆ? ತಾನು ನಡೆಯುವ ಹಾಗೆ ಅಂತೂ ಅಲ್ಲ.

ಮರಾಠಿ ರಂಗಭೂಮಿಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಬಾಲಗಂಧರ್ವ ಎಂದು ಹೆಸರಾದ ನಟ, 1888ರಲ್ಲಿ ಹುಟ್ಟಿದವರು, ಸ್ತ್ರೀಪಾತ್ರಗಳಿಗೇ ಪ್ರಸಿದ್ಧರು. ಅವರು ಉಟ್ಟ ಸೀರೆ, ಮುಡಿದ ಹೂವು, ತೊಟ್ಟ ಒಡವೆ ನೋಡಿ ಒಳ್ಳೊಳ್ಳೆ ಮನೆತನದ ಹೆಂಗಸರು ಹಾಗೇ ಮಾಡಿಕೊಳ್ಳುತ್ತಿದ್ದರು. ಗಂಡಸು ಹೆಂಗಸರಿಗೆ ಹೆಂಗಸಾಗುವುದನ್ನು ಕಲಿಸಿದ ಹಾಗಾಯಿತು. ಮರಾಠಿ ರಂಗಭೂಮಿ ಹುಟ್ಟಿದ್ದಕ್ಕೂ ನಮ್ಮ ಜಿಲ್ಲೆಗೂ ನಂಟಿದೆ, ಗೊತ್ತಲ್ಲ? ಹೊನ್ನಾವರದ ಕರ್ಕಿಯ ಕಡೆಯ ಭಾಗವತ ಮೇಳ ಸಾಂಗ್ಲಿಗೆ ಹೋಗಿ ಆಟ ಆಡಿತ್ತು. ಅದನ್ನು ನೋಡಿದ ಸಾಂಗ್ಲಿಯ ದೊರೆ ನಮಗೂ ಇಂಥದ್ದು ಬೇಕು ಎಂದ. 1843ರಲ್ಲಿ ವಿಷ್ಣುದಾಸ ಭಾವೆ ಮೊದಲ ಮರಾಠಿ ನಾಟಕ ಆಡಿಸಿದರು. ಸೀತೆಯ ಸ್ವಯಂವರದ ಕಥೆ, ಸೀತೆಯೂ ಗಂಡೇ.

ಬೇರೆ ದೇಶಗಳಲ್ಲಿ ಹೇಗೆ ಎಂದು ಕೇಳಿದ್ದೀರಿ. ಹತ್ತಾರು ಇವೆ. ನನಗೆ ಇಷ್ಟವಾದವು ಮಾತ್ರ ಹೇಳುತ್ತೇನೆ.

ಜಪಾನಿನಲ್ಲಿ ಕಬುಕಿ ಎಂಬ ಕುಣಿತದ ನಾಟಕ ಶುರು ಮಾಡಿದ್ದೇ ಒಬ್ಬ ಹೆಣ್ಣುಮಗಳು, ಓಕುನಿ. 1603ರ ಸುಮಾರಿಗೆ ಕ್ಯೋಟೋದ ಹೊಳೆ ದಂಡೆಯ ಮೇಲೆ ಕುಣಿದಳು, ಗಂಡಿನ ಪಾತ್ರವನ್ನೂ ಮಾಡುತ್ತಿದ್ದಳು. ಜನ ಮುಗಿಬಿದ್ದರು. ಹೆಂಗಸರ ತಂಡಗಳು ಜಾಸ್ತಿಯಾದವು. ನೋಡಲು ಬಂದವರ ನಡುವೆ ಜಗಳ, ಜೊತೆಗೆ ವೇಶ್ಯಾವಾಟಿಕೆಯ ದೂರು. 1629ರಲ್ಲಿ ಸರ್ಕಾರ ಹೆಂಗಸರು ರಂಗ ಹತ್ತಬಾರದು ಎಂದಿತು. ಹೆಂಗಸರ ಜಾಗಕ್ಕೆ ಎಳೆಯ ಹುಡುಗರು ಬಂದರು. ಅವರ ಹಿಂದೆಯೂ ಅದೇ ಜಗಳ. 1652ರಲ್ಲಿ ಅವರನ್ನೂ ಇಳಿಸಿದರು. ಉಳಿದವರು ಬೆಳೆದ ಗಂಡಸರು. ಹೀಗೆ ಪೊಲೀಸರ ತಲೆನೋವಿನಿಂದ ಹುಟ್ಟಿದ್ದು ಅವರ ಸ್ತ್ರೀವೇಷ, ಓನಗಾತ. ನಾಲ್ಕು ನೂರು ವರ್ಷ ಕಳೆದ ಮೇಲೆ ಅದೇ ದೊಡ್ಡ ಸಂಪ್ರದಾಯ! ಅಯಾಮೆ ಎಂಬ ಹಳೆಯ ಕಾಲದ ಓನಗಾತ ನಟ, ಸ್ತ್ರೀಪಾತ್ರ ಮಾಡುವವನು ಮನೆಯಲ್ಲೂ ಹೆಣ್ಣಿನ ಹಾಗೇ ಇರಬೇಕು ಎಂದು ಶಿಷ್ಯರಿಗೆ ಹೇಳುತ್ತಿದ್ದ. ಅವನಿಗೂ ಮಕ್ಕಳಿದ್ದರು, ಅವರೂ ನಟರಾದರು. ನಮ್ಮ ತೆಂಗಿನೆಣ್ಣೆ ಸಂಪ್ರದಾಯ ಅದಕ್ಕಿಂತ ಸುಲಭ ಅಲ್ವಾ?

ಚೀನಾದಲ್ಲಿ ಮೇ ಲಾನ್‌ಫಾಂಗ್ ಎಂಬ ನಟ ಇದ್ದರು, 1961ರಲ್ಲಿ ತೀರಿಕೊಂಡರು. ಪೀಕಿಂಗ್ ಒಪೆರಾದ ಸ್ತ್ರೀಪಾತ್ರಗಳಲ್ಲಿ ಅವರನ್ನು ಮೀರಿಸಿದವರಿಲ್ಲ ಎಂಬ ಮಾತಿದೆ. ಯುದ್ಧದ ಕಾಲದಲ್ಲಿ ಜಪಾನಿನ ಸೈನ್ಯ ಊರು ಹಿಡಿಯಿತು. ಅವರ ಎದುರು ಆಡಲು ಇವರಿಗೆ ಮನಸ್ಸಿಲ್ಲ. ಏನು ಮಾಡಿದರು? ಮೀಸೆ ಬಿಟ್ಟರು. ಮೀಸೆ ಇರುವವನು ರಾಣಿ ಆಗುವುದು ಹೇಗೆ? ಗಂಡಸುತನ ತೋರಿಸಲು ಮೀಸೆ ತಿರುಗಿಸುವವರನ್ನು ಬೇಕಾದಷ್ಟು ನೋಡಿದ್ದೇವೆ. ಸ್ತ್ರೀವೇಷದ ಮರ್ಯಾದೆ ಉಳಿಸಲು ಮೀಸೆ ಬಿಟ್ಟವರು ಇವರೊಬ್ಬರೇ ಇರಬೇಕು. ಈ ಕಥೆಯನ್ನು ನಿಮ್ಮ ಮಗನಿಗೆ ಹೇಳಿ. ಶಾಲೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ಇಂಗ್ಲೆಂಡಿನಲ್ಲೂ 1660ರವರೆಗೆ ರಾಣಿಯರ ಪಾತ್ರ ಮಾಡುತ್ತಿದ್ದವರು ಹುಡುಗರು, ದನಿ ಒಡೆಯುವ ತನಕ. ಜಪಾನಿನಲ್ಲೇ ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದಿದೆ, ತಕರಜುಕಾ. 1914ರಲ್ಲಿ ಮೊದಲ ಆಟ. ಎಲ್ಲ ಪಾತ್ರವೂ ಹೆಣ್ಣುಮಕ್ಕಳದ್ದೇ. ಗಂಡಿನ ಪಾತ್ರ ಮಾಡುವ ಹುಡುಗಿಯರೇ ಅಲ್ಲಿ ದೊಡ್ಡ ಸ್ಟಾರ್‌ಗಳು. ನೋಡಲು ಬರುವವರೂ ಹೆಚ್ಚಾಗಿ ಹೆಂಗಸರೇ. ಅದನ್ನು ಶುರು ಮಾಡಿದ್ದು ಯಾರು ಅಂದುಕೊಂಡಿರಿ? ಒಂದು ರೈಲ್ವೆ ಕಂಪನಿಯ ಧಣಿ. ತನ್ನ ರೈಲು ಮಾರ್ಗದ ಕೊನೆಯ ಊರಿಗೆ ಜನ ಬರಲಿ, ಟಿಕೆಟ್ ಮಾರಾಟವಾಗಲಿ ಎಂದು.

ನಮ್ಮ ಸಿನಿಮಾದ ಕಥೆಯೂ ಹೀಗೆಯೇ. 1913ರಲ್ಲಿ ಫಾಲ್ಕೆಯವರು ರಾಜಾ ಹರಿಶ್ಚಂದ್ರ ತೆಗೆದಾಗ ಹರಿಶ್ಚಂದ್ರನ ಹೆಂಡತಿ ತಾರಾಮತಿಯ ಪಾತ್ರಕ್ಕೆ ಯಾವ ಹೆಣ್ಣುಮಗಳೂ ಒಪ್ಪಲಿಲ್ಲ. ಕೊನೆಗೆ ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬವರು ತಾರಾಮತಿಯಾದರು. ಮುಂದೆ 1917ರಲ್ಲಿ, ಲಂಕಾ ದಹನ ಚಿತ್ರದಲ್ಲಿ, ರಾಮನೂ ಅವರೇ, ಸೀತೆಯೂ ಅವರೇ. ಆದರೆ 1913ರಲ್ಲೇ ಫಾಲ್ಕೆಯವರ ಇನ್ನೊಂದು ಚಿತ್ರಕ್ಕೆ ಹೆಣ್ಣುಮಕ್ಕಳು ಸಿಕ್ಕಿದರು. ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ. ಅಮ್ಮ ಪಾರ್ವತಿ, ಮಗಳು ಮೋಹಿನಿ. ಹೌದು, ಚಿತ್ರ ಯಾವುದೆಂದರೆ ನಿಮ್ಮ ಮಕ್ಕಳ ಕಥೆಯೇ, ಮೋಹಿನಿ ಭಸ್ಮಾಸುರ.

ಒಂದು ಕಡೆ ಪೊಲೀಸರ ಕಾಟ, ಒಂದು ಕಡೆ ರೈಲು ಟಿಕೆಟ್, ಇನ್ನೊಂದು ಕಡೆ ಮನೆತನದ ಮರ್ಯಾದೆ. ಹೆಣ್ಣು ಯಾರು ಆಡಬೇಕು, ಗಂಡು ಯಾರು ಆಡಬೇಕು ಎಂದು ತೀರ್ಮಾನಿಸಿದ್ದು ಇಂಥವು. ಸ್ವಭಾವ, ಸಂಪ್ರದಾಯ ಎಂಬ ಮಾತೆಲ್ಲ ಆಮೇಲೆ ಬಂದು ಕೂತಿದ್ದು.

ಹಾಗಾದರೆ ನಮ್ಮಲ್ಲಿ? ಶಾಸ್ತ್ರದಲ್ಲಿ ಇದೆಯೇ ಎಂದು ನಿಮ್ಮ ಅತ್ತೆಯವರ ಪರವಾಗಿ ಕೇಳಿದ್ದೀರಿ. ನಮಗೆ ನಾಟಕದ ಶಾಸ್ತ್ರ ಅಂದರೆ ಭರತನ ನಾಟ್ಯಶಾಸ್ತ್ರ. ಅದರ ಮೊದಲ ಅಧ್ಯಾಯದಲ್ಲೇ ಒಂದು ಕಥೆ ಬರುತ್ತದೆ. ಲಾಲಿತ್ಯದ ಕೈಶಿಕೀ ಎಂಬ ರೀತಿಯನ್ನು ಗಂಡಸರಷ್ಟೇ ಮಾಡಲು ಆಗುವುದಿಲ್ಲ ಎಂದು ಭರತ ಬ್ರಹ್ಮನಿಗೆ ಹೇಳುತ್ತಾನೆ. ಬ್ರಹ್ಮ ಅಪ್ಸರೆಯರನ್ನು ಸೃಷ್ಟಿ ಮಾಡಿ ಕೊಡುತ್ತಾನೆ. ಅಂದರೆ ಶಾಸ್ತ್ರದ ಪ್ರಕಾರ ಹೆಂಗಸರಿಲ್ಲದೆ ಆಟವೇ ಪೂರ್ತಿಯಾಗಲಿಲ್ಲ. ಗಂಡು ಹೆಣ್ಣಿನ ಪಾತ್ರ ಮಾಡುವುದನ್ನೂ, ಹೆಣ್ಣು ಗಂಡಿನ ಪಾತ್ರ ಮಾಡುವುದನ್ನೂ ಅದೇ ಗ್ರಂಥ ಒಪ್ಪುತ್ತದೆ. ಇದೇ ಕರಾವಳಿಯಲ್ಲಿ ಇನ್ನೂ ಕೆಳಗೆ ಕೇರಳಕ್ಕೆ ಇಳಿದರೆ ಕೂಡಿಯಾಟ್ಟಂ ಇದೆ. ದೇವಸ್ಥಾನದ ಒಳಗಿನ ಕೂತ್ತಂಬಲದಲ್ಲಿ ಆಡುವ ಸಂಸ್ಕೃತ ನಾಟಕ. ಅಲ್ಲಿ ಸ್ತ್ರೀಪಾತ್ರ ಮಾಡುವವರು ನಂಗಿಯಾರ್ ಹೆಂಗಸರು, ಶತಮಾನಗಳಿಂದ. ಆದ್ದರಿಂದ ದೇವರ ಎದುರು ಹೆಣ್ಣು ವೇಷ ಕಟ್ಟಬಾರದು ಎಂಬುದು ಎಲ್ಲ ಕಡೆಯ ನಿಯಮ ಅಲ್ಲ.

ಮತ್ತೆ ನಮ್ಮ ಮೇಳಗಳಲ್ಲಿ ಯಾಕೆ ಗಂಡಸರೇ? ತಿರುಗಾಟದ ಬದುಕು ನೋಡಿದವರಿಗೆ ಉತ್ತರ ಗೊತ್ತು. ದೀಪಾವಳಿ ಕಳೆದು ಹೊರಟರೆ ಮಳೆ ಹತ್ತಿರ ಬಂದಾಗ ಮನೆ. ಹಿಂದೆ ವೇಷದ ಪೆಟ್ಟಿಗೆ ಹೊತ್ತು ಊರಿಂದ ಊರಿಗೆ ನಡೆಯಬೇಕಿತ್ತು. ರಾತ್ರಿಯಿಡೀ ಆಟ, ಹಗಲು ಯಾರದೋ ಜಗುಲಿಯಲ್ಲಿ ನಿದ್ದೆ, ಹೊಳೆಯಲ್ಲಿ ಸ್ನಾನ. ಮಕ್ಕಳು, ಕೊಟ್ಟಿಗೆ, ಒಲೆ ಬಿಟ್ಟು ಆರು ತಿಂಗಳು ಹೋಗಲು ಯಾವ ಮನೆಯ ಹೆಂಗಸಿಗೆ ಆಗುತ್ತಿತ್ತು? ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಮುಟ್ಟು. ಮೇಳ ಅಂದರೆ ಸೇವೆ. ಚೌಕಿಯಲ್ಲಿ ಗಣಪತಿ ಪೂಜೆ ಆಗದೆ ವೇಷ ರಂಗಕ್ಕೆ ಹೋಗುವುದಿಲ್ಲ. ತಿಂಗಳಿಗೆ ಮೂರು ದಿನ 'ಹೊರಗೆ' ಕೂರುವವರನ್ನು ಚೌಕಿಯ ಒಳಗೆ ಹೇಗೆ ಸೇರಿಸುವುದು ಎಂಬ ಪ್ರಶ್ನೆ ನಮ್ಮ ಮನೆಗಳಿಂದಲೇ ಅಲ್ಲಿಗೆ ಹೋಗಿದ್ದು. ಆ ಆಚರಣೆ ಮನೆಗಳಲ್ಲಿ ಸಡಿಲವಾದಷ್ಟೂ ಚೌಕಿಯಲ್ಲೂ ಸಡಿಲವಾಗುತ್ತಿದೆ. ನಿಮ್ಮ ಅತ್ತೆಯವರ ಮನಸ್ಸಿನಲ್ಲಿ ಇರುವುದೂ ಇದೇ ಇರಬಹುದು. ಮೀಸೆ ಅಂತ ಹೇಳುತ್ತಾರೆ ಅಷ್ಟೇ. ನೇರ ಕೇಳಿ ನೋಡಿ, ನಿಮ್ಮಿಬ್ಬರ ನಡುವೆ.

ಮೂರನೆಯದು ಮರ್ಯಾದೆಯ ಲೆಕ್ಕ. ಶಿರಸಿ ಮಾರಿಕಾಂಬೆ ಜಾತ್ರೆಗೆ ಹೋದವರಿಗೆಲ್ಲ ನೆನಪಿರುತ್ತದೆ. ಒಂದು ಕಡೆ ಯಕ್ಷಗಾನದ ಟೆಂಟು, ಇನ್ನೊಂದು ಕಡೆ ಕಂಪನಿ ನಾಟಕದ ಟೆಂಟು. ಆ ಟೆಂಟಿನಲ್ಲಿ ನಟಿಯರು. ಈ ಟೆಂಟಿನಲ್ಲಿ ಗಂಡಸರ ಸೀರೆ. ನಮ್ಮ ಹಿರಿಯರು ಎರಡನ್ನೂ ನೋಡಿ ಬರುತ್ತಿದ್ದರು. ಬಂದು ನಾಟಕದವಳ ಬಗ್ಗೆ ಒಂದು ದನಿಯಲ್ಲಿ, ಸ್ತ್ರೀವೇಷದ ಹೆಗಡೇರ ಬಗ್ಗೆ ಇನ್ನೊಂದು ದನಿಯಲ್ಲಿ ಮಾತಾಡುತ್ತಿದ್ದರು. ಮಗಳು ರಂಗ ಹತ್ತಿದರೆ ಆ ಮೊದಲ ದನಿ ತಮ್ಮ ಮನೆಗೂ ಬಂದೀತು ಎಂಬ ಹೆದರಿಕೆ. ಅಷ್ಟಾಗಿ ಎಂಟು ಕೈಯಲ್ಲಿ ಆಯುಧ ಹಿಡಿದ ಅಮ್ಮನಿಗೆ ಕೈ ಮುಗಿದೇ ಬಂದಿರುತ್ತಿದ್ದರು. ದೇವಿಗೆ ಕೈ ಮುಗಿಯುವುದು ಬೇರೆ, ಮಗಳಿಗೆ ಜಾಗ ಬಿಡುವುದು ಬೇರೆ.

ಈಗ ಕಾಲ ತುಂಬಾ ಮುಂದೆ ಬಂದಿದೆ. ದಕ್ಷಿಣದ ಕಡೆಯ ಯಕ್ಷಗಾನ ಶೈಲಿ ತೆಂಕುತಿಟ್ಟಿನಲ್ಲಿ ಲೀಲಾವತಿ ಬೈಪಾಡಿತ್ತಾಯರು ಪದ್ಯ ಹಾಡುವ ಭಾಗವತರಾಗಿ ಮೇಳದ ಜೊತೆ ತಿರುಗಾಟವನ್ನೇ ಮಾಡಿದರು. ನಮ್ಮ ಕಡೆಯೂ ಹೆಂಗಸರದೇ ತಂಡಗಳಿವೆ, ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಲೆಯಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳುವ ಹೆಣ್ಣುಮಕ್ಕಳಿದ್ದಾರೆ. ನನ್ನ ತರಗತಿಯಲ್ಲೇ ಹುಡುಗರಿಗಿಂತ ಹುಡುಗಿಯರು ಜಾಸ್ತಿ. ಅದಕ್ಕೆ ಒಂದು ಕಾರಣ ಹುಡುಗರೆಲ್ಲ ಕ್ರಿಕೆಟ್ಟಿಗೆ ಹೋಗಿದ್ದು, ಇರಲಿ.

'ಗಂಡುಕಲೆ' ಎಂಬ ಮಾತಿಗೆ ಬರೋಣ. ಚಂಡೆಯ ಅಬ್ಬರ, ವೀರರಸ, ಆ ಗತ್ತು, ಇದಕ್ಕೆ ಗಂಡುಕಲೆ ಎಂದರು, ಗಂಡಸರದು ಎಂಬ ಅರ್ಥದಲ್ಲಿ ಅಲ್ಲ ಎಂದು ಭಾಷಣದಲ್ಲಿ ಹೇಳುವುದುಂಟು. ನಾನೂ ಹೇಳಿದ್ದೇನೆ. ಆದರೆ ಒಳಗೊಳಗೇ ಗೊತ್ತು, ಅದು ಪೂರ್ತಿ ನಿಜವಲ್ಲ. ನಮ್ಮ ಭಾಷೆಯಲ್ಲಿ ಧೈರ್ಯ ಅಂದರೆ ಗಂಡೆದೆ. ಹೇಡಿಗೆ ಬಳೆ ತೊಟ್ಟುಕೋ ಎನ್ನುತ್ತೇವೆ. ಮಾತೇ ಹೀಗಿದ್ದರೆ ಶಾಲೆಯ ಹುಡುಗರನ್ನು ಬೈದು ಏನು ಪ್ರಯೋಜನ?

ಬಳೆ ಅಂದಾಗ ನೆನಪಾಯಿತು. 'ಉತ್ತರನ ಪೌರುಷ ಒಲೆ ಮುಂದೆ' ಎಂಬ ಗಾದೆ ಎಲ್ಲರಿಗೂ ಗೊತ್ತು. ಹೆಂಗಸರ ನಡುವೆ ಕೂತು ಜಂಬ ಕೊಚ್ಚುವ ಗಂಡಿನ ಮೇಲಿನ ಗಾದೆ. ಆದರೆ ಆ ಕಥೆಯಲ್ಲಿ ಯುದ್ಧ ಗೆದ್ದವರು ಯಾರು? ಬೃಹನ್ನಳೆ. ಒಂದು ವರ್ಷದಿಂದ ವಿರಾಟನ ಅರಮನೆಯಲ್ಲಿ ಸೀರೆ ಉಟ್ಟು, ಬಳೆ ತೊಟ್ಟು, ಹುಡುಗಿಯರಿಗೆ ಕುಣಿತ ಹೇಳಿಕೊಡುತ್ತಿದ್ದ ಮೇಷ್ಟ್ರು. ರಥ ಹೊಡೆದದ್ದೂ ಆತ, ಓಡಿದ ರಾಜಕುಮಾರನನ್ನು ಹಿಡಿದು ತಂದದ್ದೂ ಆತ, ಕೌರವರ ಸೈನ್ಯವನ್ನು ಮಲಗಿಸಿದ್ದೂ ಆತ. ಗಾದೆಗೆ ಉತ್ತರ ನೆನಪಿದ್ದಾನೆ, ಬಳೆ ತೊಟ್ಟವನು ಮರೆತು ಹೋಗಿದ್ದಾನೆ. ನಮ್ಮ ಪ್ರಸಂಗಗಳಲ್ಲಿ ಇಂಥವರು ಬೇಕಾದಷ್ಟು. ಪ್ರಮೀಳೆ, ಮೀನಾಕ್ಷಿ ಇಂಥ ಕತ್ತಿ ಹಿಡಿಯುವ ಹೆಣ್ಣುಗಳಿಗೆಂದೇ ಕಸೆ ಸ್ತ್ರೀವೇಷ ಎಂಬ ಬೇರೆ ವೇಷವಿದೆ. ಗರತಿಯ ಒಯ್ಯಾರ ಅಲ್ಲಿ ನಡೆಯುವುದಿಲ್ಲ, ಹೆಜ್ಜೆಯಲ್ಲಿ ಬಿಗಿ ಬೇಕು. ಅಂದರೆ ನಮ್ಮ ಹಿರಿಯರಿಗೂ ಹೆಣ್ಣು ಒಂದೇ ತರ ಇರುವುದಿಲ್ಲ ಎಂದು ಗೊತ್ತಿತ್ತು. ಆದರೆ ಪ್ರಮೀಳೆ ಕೊನೆಗೆ ಅರ್ಜುನನನ್ನು ಮದುವೆಯಾಗಲೇಬೇಕು, ಮೀನಾಕ್ಷಿಯ ಕತ್ತಿಯೂ ಮದುವೆಯ ಹೊತ್ತಿಗೆ ಒರೆಗೆ ಹೋಗಬೇಕು. ಆಟ ಬೆಳಗಾಗುವುದರೊಳಗೆ ಮುಗಿಯಬೇಕಲ್ಲ.

ರಂಗದಿಂದ ಇಳಿದು ಕೆಳಗೆ ನೋಡಿದರೆ ನಮ್ಮ ಜಿಲ್ಲೆ ಇನ್ನೊಂದೇ ಕಥೆ ಹೇಳುತ್ತದೆ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿ ಐವತ್ತಕ್ಕೂ ಹೆಚ್ಚು ವರ್ಷ ರಾಜ್ಯ ಆಳಿದಳು, ಕಾಳುಮೆಣಸಿನ ವ್ಯಾಪಾರ ಕೈಯಲ್ಲಿಟ್ಟುಕೊಂಡು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ರಾಣಿಯ ಮಾತು ಬಿಡಿ, ಕಾರವಾರದ ಮೀನು ಮಾರ್ಕೆಟ್ಟಿಗೆ ಹೋಗಿ. ನಾನು ಮೀನು ತಿನ್ನುವವನಲ್ಲ. ಆದರೂ ಆ ಕಡೆ ಹೋದಾಗ ಸುಮ್ನೆ ನಿಂತು ನೋಡುತ್ತೇನೆ. ಸಮುದ್ರಕ್ಕೆ ಹೋಗುವವರು ಗಂಡಸರು, ದುಡ್ಡು ಎಣಿಸುವವರು ಹೆಂಗಸರು. ಬುಟ್ಟಿ ಮುಂದೆ ಕೂತ ಅಕ್ಕ ಬಂಗಡೆಯ ಕಿವಿರು ಎತ್ತಿ ತೋರಿಸುತ್ತಾಳೆ. ಚೌಕಾಸಿಗೆ ಬಂದವನ ಕಣ್ಣಲ್ಲಿ ಕಣ್ಣಿಟ್ಟು, ಮೂರು ಸಾಲು ಆಚೆ ಕೇಳುವ ಹಾಗೆ 'ಬೇಕಿದ್ರೆ ತಕೋ, ಇಲ್ಲಾಂದ್ರೆ ದಾರಿ ಬಿಡು' ಎನ್ನುತ್ತಾಳೆ. ಓರೆಗಣ್ಣಿಲ್ಲ. ಇಳಿದ ಭುಜವಿಲ್ಲ. ಭಸ್ಮಾಸುರ ಮಾಡುವ ಹುಡುಗಿಯನ್ನು ಅರ್ಧ ಗಂಟೆ ಅಲ್ಲಿ ನಿಲ್ಲಿಸಿ. ದನಿ ಹೊಟ್ಟೆಯಿಂದ ಬರುವುದು ಹೇಗೆ 
ಎಂದು ನಾನು ಹೇಳಿಕೊಡುವುದಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ.

ಮಾಧ್ಯಮದವರ ಬಗ್ಗೆ ಎರಡು ಮಾತು, ಸಿಟ್ಟಿದೆ ಅದಕ್ಕೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಪದ್ಮಶ್ರೀ ತೆಗೆದುಕೊಳ್ಳಲು ಬರಿಗಾಲಲ್ಲಿ ಹೋದ ಫೋಟೋ ಎಲ್ಲರೂ ನೋಡಿದ್ದೀರಿ. ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದುಡಿದವರು. ಯಾವ ಮರದ ಬೀಜವನ್ನು ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಎಂದು ತಿಳಿದವರು. ಅದು ಕಸುಬು, ವಿದ್ಯೆ. ಬರೆದವರು ಬರೆದದ್ದು ಏನು? ವೃಕ್ಷಮಾತೆ, ಮರಗಳ ತಾಯಿ. ಹೆಣ್ಣು ಏನೇ ಕಲಿತರೂ ಕೊನೆಗೆ ಅಮ್ಮನೇ ಆಗಬೇಕು. ಇನ್ನು ಟಿವಿಯ ಕಾಮಿಡಿ ಕಾರ್ಯಕ್ರಮಗಳು. ಗಂಡಸು ಸೀರೆ ಉಟ್ಟು ಬಂದ ಕೂಡಲೇ ನಗಬೇಕು. ಮಾತು ಬೇಕಿಲ್ಲ, ಸೀರೆಯೇ ಜೋಕು. ನಿಮ್ಮ ಮಗನನ್ನು ಮೋಹಿನಕ್ಕ ಎನ್ನುವ ಹುಡುಗರು ಆಟ ನೋಡಿ ಬೆಳೆದವರಲ್ಲ, ಇದನ್ನು ನೋಡಿ ಬೆಳೆದವರು. ಕೀಚಕನಿಂದ ಒದೆ ತಿಂದು ಬಿದ್ದ ಸೈರಂಧ್ರಿಯನ್ನು ನೋಡಿ ಯಾರೂ ನಗುವುದಿಲ್ಲ, ಒಳಗಿರುವುದು ಗಂಡಸೆಂದು ಗೊತ್ತಿದ್ದರೂ. ನಮ್ಮ ಹಾಸ್ಯಗಾರರೂ ಮುದುಕಿಯ ವೇಷದಲ್ಲಿ ಅಗ್ಗದ ನಗು ಗಿಟ್ಟಿಸುವುದುಂಟು, ಅದನ್ನು ಮುಚ್ಚಿಡುವುದಿಲ್ಲ.

ಈಗ ಸ್ವಲ್ಪ ಕಷ್ಟದ ಮಾತು. ಸ್ತ್ರೀವೇಷ ಮಾಡಿದರೆ ನಿಮ್ಮ ಮಗ 'ಹಾಗೆ' ಆಗುವುದಿಲ್ಲ ಎಂದು ಹೇಳಿ ನಾನು ಮುಗಿಸಬಹುದಿತ್ತು. ನಿಮ್ಮ ಮನೆಯವರಿಗೆ ಸಮಾಧಾನವೂ ಆಗುತ್ತಿತ್ತು. ಆದರೆ ಹಾಗೆ ಹೇಳಿದರೆ, 'ಹಾಗೆ' ಇರುವುದು ತಪ್ಪು ಎಂದು ಒಪ್ಪಿಕೊಂಡ ಹಾಗೆ. ಹುಟ್ಟಿನಿಂದಲೇ ಮೆತ್ತಗಿನ ಹುಡುಗರು ಎಲ್ಲ ಊರಲ್ಲೂ ಇದ್ದಾರೆ. ವೇಷ ಅವರನ್ನು ಹಾಗೆ ಮಾಡಿದ್ದಲ್ಲ. ಅವರಲ್ಲಿ ಕೆಲವರಿಗೆ ಗೇಲಿ ಇಲ್ಲದೆ ಉಸಿರಾಡಲು ಸಿಕ್ಕ ಒಂದೇ ಜಾಗ ಚೌಕಿ ಆಗಿತ್ತು, ಅದನ್ನು ಕಣ್ಣಾರೆ ಕಂಡಿದ್ದೇನೆ. ಹುಡುಗನಾಗಿ ಹುಟ್ಟಿ, ಯಲ್ಲಮ್ಮನ ಸೇವೆಯ ಜೋಗತಿಯಾಗಿ ಮನೆಯಿಂದ ಹೊರಬಿದ್ದ ಮಂಜಮ್ಮ ಜೋಗತಿಯವರು 2019ರಲ್ಲಿ ನಮ್ಮ ರಾಜ್ಯದ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಕಲೆ ಅವರನ್ನು ಕೈ ಹಿಡಿಯಿತು. ನಿಮ್ಮ ಮಗ ಹೇಗೇ ಇರಲಿ, ಮನೆಯಲ್ಲಿ ಈ ಮಾತು ಬಂದಾಗ ಅವನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುತ್ತಾನೆ ಎಂಬುದು ನೆನಪಿರಲಿ.

ಶಾಲೆಯ ಗೇಲಿಗೆ ನನ್ನ ಉಪಾಯ ಹಳೆಯದು. ಚುಡಾಯಿಸುವವರಲ್ಲಿ ಇಬ್ಬರನ್ನು ಅಭ್ಯಾಸಕ್ಕೆ ಕರೆಸಿ, ಸೀರೆ ಕಟ್ಟಿಸಿ, ಮೋಹಿನಿಯ ನಾಲ್ಕು ಹೆಜ್ಜೆ ಹಾಕಿಸಿ. ಎರಡನೇ ಹೆಜ್ಜೆಗೆ ಬೀಳುತ್ತಾರೆ. ಹೋದ ವರ್ಷ ಹೀಗೆ ಬಿದ್ದವನೊಬ್ಬ ಈಗ ನನ್ನಲ್ಲಿ ಮದ್ದಳೆ ಕಲಿಯುತ್ತಿದ್ದಾನೆ.

ಇನ್ನು ಕೆಲಸಕ್ಕೆ ಬರುವ ಸಂಗತಿಗಳು. ಮಗನಿಗೆ 13, ದನಿ ಒಡೆಯುವ ಕಾಲ. ಹೆಣ್ಣುದನಿ ಬೇಕೆಂದು ಕಳ್ಳದನಿಯಲ್ಲಿ ಕಿರುಚಿಸಬೇಡಿ, ಗಂಟಲು ಹಾಳಾಗುತ್ತದೆ. ಅವನದೇ ದನಿಯನ್ನು ಮೆತ್ತಗೆ ಮಾಡಿ ಹೇಳಿದರೆ ಸಾಕು, ಹೆಣ್ಣುತನ ಮಾತಿನ ಓಟದಲ್ಲಿ ಬರುತ್ತದೆ. ಮಗಳ ವೇಷದ ಭಾರ ನೋಡಿಕೊಳ್ಳಿ. ದೊಡ್ಡವರ ಭುಜಕೀರ್ತಿ, ಎದೆಕಟ್ಟು ಕಟ್ಟಿದರೆ ಮಕ್ಕಳಿಗೆ ಉಸಿರು ಕಟ್ಟುತ್ತದೆ. ಮಕ್ಕಳ ಅಳತೆಯದು ತರಿಸಲು ಗುರುಗಳಿಗೆ ಹೇಳಿ. ಕಟ್ಟಿದ ಮೇಲೆ ಒಂದು ಪದ್ಯಕ್ಕೆ ಪೂರ್ತಿ ಕುಣಿಸಿ ನೋಡಿ, ನಿಲ್ಲಿಸಿ ನೋಡಿದರೆ ಗೊತ್ತಾಗುವುದಿಲ್ಲ. ಹುಡುಗಿಯರಿಗೆ ಬಟ್ಟೆ ಬದಲಿಸಲು ಚೌಕಿಯಲ್ಲಿ ಪರದೆ ಕಟ್ಟಿದ ಬೇರೆ ಜಾಗ ಇದೆಯೇ, ಹತ್ತಿರ ಶೌಚಾಲಯ ಇದೆಯೇ ಎಂದು ಮೊದಲೇ ಕೇಳಿ. ಸಂಕೋಚ ಬೇಡ. ಅದು ಇಲ್ಲದ್ದಕ್ಕೇ ಹಲವು ಹುಡುಗಿಯರು ಹೈಸ್ಕೂಲಿಗೆ ಬಂದ ಮೇಲೆ ಬಿಟ್ಟು ಹೋಗಿದ್ದಾರೆ. ಶಾಸ್ತ್ರದಿಂದ ಬಿಟ್ಟವರು ಕಡಿಮೆ.

ಅತ್ತೆಯವರಿಗೆ ಒಂದು ಕೆಲಸ ಕೊಡಿ. ಪೆಟ್ಟಿಗೆಯಲ್ಲಿ ಹಳೆಯ ಪಟ್ಟೆ ಸೀರೆ ಇದ್ದರೆ ಮೋಹಿನಿಗೆ ಕೇಳಿ. ಬಾಡಿಗೆ ಸೀರೆಗಳಿಗೆ ಆ ಬಿಗಿ ಇರುವುದಿಲ್ಲ. ನೆರಿಗೆಯನ್ನು ಅವರ ಕೈಯಲ್ಲೇ ಹಿಡಿಸಿ. ಪಿನ್ನು ಜಾಸ್ತಿ ಹಾಕಲಿ, ಸೊಂಟದ ಡಾಬಿನ ಒಳಗೆ ಒಂದು ದಾರವನ್ನೂ ಕಟ್ಟಲಿ. ನನ್ನ ಮೊದಲ ಸ್ತ್ರೀವೇಷದಲ್ಲಿ ದಾರ ಕಟ್ಟಿರಲಿಲ್ಲ. ಮೂರನೇ ಸುತ್ತಿಗೆ ನೆರಿಗೆ ಬಿಚ್ಚಿ ಕಾಲಿಗೆ ಬಂತು. ಭಾಗವತರು ಪದ್ಯ ನಿಲ್ಲಿಸಲಿಲ್ಲ. ನಾನು ಒಂದು ಕೈಯಲ್ಲಿ ಸೀರೆ ಹಿಡಿದುಕೊಂಡೇ ಪೂರ್ತಿ ಕುಣಿದೆ. ಮುಂದಿನ ಸಾಲಿನಲ್ಲಿದ್ದ ಅಮ್ಮ ಮಾತ್ರ ಮುಖ ಮುಚ್ಚಿಕೊಂಡು ನಗುತ್ತಿದ್ದಳು.